ಹೋಳಿಗೆಯ ಮಾರನೆಯ ದಿನ

ಸ್ಮರಣ ಸಂಚಿಕೆಯ ಆರೋಗ್ಯ ವಿಭಾಗಕ್ಕೆ ವೈದ್ಯರು ಬರೆಯುವುದು ವಾಡಿಕೆ. ಬ್ಯಾಂಕಿನಲ್ಲಿ ಸಾಲದ ಕಡತಗಳನ್ನು ನೋಡಿಕೊಂಡಿರುವ, ಬಿ.ಕಾಂ. ಓದಿದ ನನ್ನಂಥವನಿಗೆ ಇಲ್ಲೇನು ಕೆಲಸವೆಂದು ವಾಚಕರು ಕೇಳಿದರೆ ತಪ್ಪಲ್ಲ. ಸಂಪಾದಕ ಮಿತ್ರರು ನನ್ನಿಂದ ಅಪೇಕ್ಷಿಸಿದ್ದು ಹಿರಿಯ ನಾಗರಿಕರ ಠೇವಣಿಗಳನ್ನು ಕುರಿತ ಲೇಖನವನ್ನು. ಅದನ್ನು ಮುಂದಿನ ವರ್ಷ ಬರೆದುಕೊಡುವುದಾಗಿ ಮಾತು ಕೊಟ್ಟು, ಈ ವರ್ಷ ಬೇರೊಂದು ಲೆಕ್ಕವನ್ನು ತಮ್ಮ ಮುಂದಿಡಲು ಅವರ ಅನುಮತಿ ಪಡೆದಿದ್ದೇನೆ. ಕಳೆದ ವರ್ಷ ನಮ್ಮ ಸಂಘದ ರಾಜ್ಯೋತ್ಸವದ ಊಟದಲ್ಲಿ ನಾನು ತಿಂದ ಐದು ಹೋಳಿಗೆಗಳ ಲೆಕ್ಕ ಅದು. ಅದಕ್ಕಿಂತ ಹೆಚ್ಚಾಗಿ, ಆ ಊಟದ ಮಾರನೆಯ ದಿನದಿಂದ ಐದು ವಾರಗಳ ಕಾಲ ನಾನು ನಡೆಸಿದ ಅವ್ಯವಹಾರದ ಲೆಕ್ಕ.

ಪೂರ್ವಪೀಠಿಕೆಯಾಗಿ ಸ್ವಲ್ಪ ಹೇಳಬೇಕು. ಸಾಗರ ತಾಲೂಕಿನಿಂದ ಹೊರಟ ನಾನು ಬ್ಯಾಂಕಿಗೆ ಸೇರಿದಾಗ ಅರವತ್ತೊಂದು ಕಿಲೋ ಇದ್ದೆ. ಈಗ ನನಗೆ ನಲವತ್ತಾರು ವರ್ಷ. ಚೆನ್ನೈಗೆ ವರ್ಗವಾಗಿ ಪೋರೂರಿನಲ್ಲಿ ಮನೆ ಮಾಡಿದ ಮೇಲೆ ವರ್ಷಕ್ಕೊಂದು ಕಿಲೋದಂತೆ, ಚಕ್ರಬಡ್ಡಿಯ ಗಾಂಭೀರ್ಯದಿಂದ ತೂಕ ಏರುತ್ತ ಹೋಯಿತು. ಪೋರೂರು ವೃತ್ತದಿಂದ ವಡಪಳನಿಯ ಕಡೆಗೆ ಆರ್ಕಾಟ್ ರಸ್ತೆಯಲ್ಲಿ ಮೆಟ್ರೋ ಕಾಮಗಾರಿಯ ನಡುವೆ ವರ್ಷಗಟ್ಟಲೆ ಓಡಾಡಿದವರಿಗೆ ಗೊತ್ತು, ಸಂಜೆ ಮನೆ ಸೇರುವ ಹೊತ್ತಿಗೆ ಮನುಷ್ಯನಲ್ಲಿ ಉಳಿಯುವುದು ಹಸಿವು ಮತ್ತು ಸಿಡಿಮಿಡಿ ಎರಡೇ. ಕಳೆದ ವರ್ಷದ ಆಗಸ್ಟ್ ತಿಂಗಳಲ್ಲಿ ರಕ್ತಪರೀಕ್ಷೆ ಮಾಡಿಸಿದಾಗ ತೂಕ 84 ಕಿಲೋ, ಸೊಂಟದ ಸುತ್ತಳತೆ 101 ಸೆಂಟಿಮೀಟರು, ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ತೋರಿಸುವ ಎಚ್‌ಬಿಎ1ಸಿ 6.2. ನಮ್ಮ ದೇಶದ ಗಂಡಸರಿಗೆ ಸೊಂಟ 90 ಸೆಂಟಿಮೀಟರಿನ ಒಳಗಿರಬೇಕೆಂದೂ, ಎಚ್‌ಬಿಎ1ಸಿ 5.7ರಿಂದ 6.4ರವರೆಗೆ ಇದ್ದರೆ ಮಧುಮೇಹದ ಹೊಸ್ತಿಲಲ್ಲಿ ನಿಂತಂತೆಂದೂ ವೈದ್ಯರು ತಿಳಿಸಿದರು. ಆರು ಕಿಲೋ ಇಳಿಸಿ ಎಂದರು.

ಹೊಸ್ತಿಲಿನ ಆಚೆ ಏನಿದೆಯೆಂಬುದನ್ನು ನನಗೆ ಯಾರೂ ವಿವರಿಸಬೇಕಾಗಿರಲಿಲ್ಲ. ನಮ್ಮ ಅಪ್ಪಯ್ಯನಿಗೆ ಸಕ್ಕರೆ ಕಾಯಿಲೆಯಿತ್ತು. ಎಡಗಾಲಿನ ಎರಡು ಬೆರಳುಗಳನ್ನು ಮೊದಲು ತೆಗೆದರು, ಆಮೇಲೆ ಪಾದವನ್ನು. ಅರವತ್ತಮೂರನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರು ಹಟಮಾರಿಯಾಗಿರಲಿಲ್ಲ, ಅಜ್ಞಾನಿಯೂ ಆಗಿರಲಿಲ್ಲ. ಪಥ್ಯವನ್ನು ತಿಂಗಳುಗಟ್ಟಲೆ ಶ್ರದ್ಧೆಯಿಂದ ಮಾಡುತ್ತಿದ್ದರು. ಆದರೆ ಒಂದು ಮದುವೆಯ ಮನೆಯಲ್ಲಿ ಪಥ್ಯ ತಪ್ಪಿತೆಂದರೆ, "ಹೇಗೂ ತಪ್ಪಿತಲ್ಲ, ಇನ್ನು ಶ್ರಾವಣದಿಂದ ನೋಡೋಣ" ಎನ್ನುತ್ತಿದ್ದರು. ಶ್ರಾವಣ ಬಂದರೆ ಹಬ್ಬಗಳೇ ಬಂದವು. ಆ ಮಾತು ನನ್ನ ಬಾಯಿಂದಲೇ ಹೊರಟಾಗ ಕೇಳಿ ಬೆಚ್ಚಿದ್ದರಿಂದ ಈ ಲೇಖನ ಹುಟ್ಟಿತು.

ಆಗಸ್ಟ್‌ನಿಂದ ನವೆಂಬರಿನವರೆಗೆ ನಾನು ನೇಮದಿಂದ ನಡೆದುಕೊಂಡೆ. ಬೆಳಿಗ್ಗೆ ಪೋರೂರು ಕೆರೆಯ ಕಡೆಗೆ ನಲವತ್ತು ನಿಮಿಷದ ನಡಿಗೆ, ರಾತ್ರಿ ಅನ್ನದ ಬದಲು ಎರಡು ಚಪಾತಿ ಮತ್ತು ಪಲ್ಯ, ಕಾಫಿಗೆ ಸಕ್ಕರೆಯಿಲ್ಲ. 84 ಇದ್ದದ್ದು 80.2ಕ್ಕೆ ಇಳಿಯಿತು. ಅಷ್ಟರಲ್ಲಿ ರಾಜ್ಯೋತ್ಸವದ ಭಾನುವಾರ ಬಂತು. ಊಟದ ಸೊಬಗನ್ನು ಬಣ್ಣಿಸುವ ಅಗತ್ಯವಿಲ್ಲ, ತಾವೆಲ್ಲರೂ ಅದೇ ಪಂಕ್ತಿಯಲ್ಲಿ ಇದ್ದಿರಿ. ಕೋಸಂಬರಿ, ಆಂಬೊಡೆ, ಬಿಸಿಬೇಳೆ ಹುಳಿಯನ್ನ, ಪುಳಿಯೋಗರೆ, ತುಪ್ಪ ಸುರಿದ ಕಾಯಿಹೋಳಿಗೆ. ತವರಿನಿಂದ ದೂರವಿರುವವನಿಗೆ ಆ ಎಲೆಯ ಮುಂದೆ ಕುಳಿತಾಗ ಹಸಿವಾಗುವುದು ಹೊಟ್ಟೆಗಷ್ಟೇ ಅಲ್ಲ. ಬಡಿಸುತ್ತಿದ್ದ ಹಿರಿಯರೊಬ್ಬರು "ಇದೊಂದು ನಮ್ಮೂರಿನ ಹೆಸರಿನಲ್ಲಿ" ಎಂದು ನಾಲ್ಕನೆಯದನ್ನು ಹಾಕಿದರು. ಐದನೆಯದನ್ನು ನಾನೇ ಕೇಳಿ ಹಾಕಿಸಿಕೊಂಡೆ. ಅದಕ್ಕೆ ಇತರರು ಹೊಣೆಯಲ್ಲ.

ಸೋಮವಾರ ಬೆಳಿಗ್ಗೆ ತೂಕದ ಯಂತ್ರ 82.0 ತೋರಿಸಿತು. ಒಂದೇ ದಿನದಲ್ಲಿ ಒಂದು ಕಿಲೋ ಎಂಟುನೂರು ಗ್ರಾಂ! ಎರಡು ತಿಂಗಳ ದುಡಿಮೆಯ ಅರ್ಧದಷ್ಟು ಒಂದು ಊಟದಲ್ಲಿ ಮುಳುಗಿತೆಂದು ನಂಬಿದೆ. ನನ್ನ ವೃತ್ತಿಗೆ ನಾಚಿಕೆಯಾಗುವಂಥ ಸಂಗತಿ ಇದೇ. ಪ್ರತಿದಿನ ಪರರ ಲೆಕ್ಕಗಳನ್ನು ಎರಡು ಸಲ ತಾಳೆ ನೋಡುವ ನಾನು ಈ ಅಂಕಿಯನ್ನು ಒಮ್ಮೆಯೂ ತಾಳೆ ನೋಡಲಿಲ್ಲ.

ಆಮೇಲೆ ನೋಡಿದೆ. ಒಂದು ಕಿಲೋ ಕೊಬ್ಬು ಮೈಯಲ್ಲಿ ಸೇರಬೇಕಾದರೆ, ಸ್ಥೂಲವಾಗಿ, ಖರ್ಚಾಗುವುದಕ್ಕಿಂತ 7,700 ಕ್ಯಾಲೋರಿಯಷ್ಟು ಹೆಚ್ಚು ತಿನ್ನಬೇಕು. ಅಂದು ನಾನು ಎಷ್ಟೇ ಉದಾರವಾಗಿ ಉಂಡಿದ್ದರೂ ನಿತ್ಯಕ್ಕಿಂತ ಒಂದೂವರೆ ಸಾವಿರ ಕ್ಯಾಲೋರಿ ಹೆಚ್ಚಾಗಿರಬಹುದು, ಅಷ್ಟೇ. ಅಂದರೆ ಸುಮಾರು ಇನ್ನೂರು ಗ್ರಾಂ ಕೊಬ್ಬು. ಉಳಿದ ಒಂದು ಕಿಲೋ ಆರುನೂರು ಗ್ರಾಂ ಎಲ್ಲಿಂದ ಬಂತು? ನಾವು ತಿಂದ ಅನ್ನ, ಬೆಲ್ಲ, ಹಿಟ್ಟುಗಳ ಒಂದು ಪಾಲನ್ನು ಶರೀರವು ಗ್ಲೈಕೋಜನ್ ಎಂಬ ರೂಪದಲ್ಲಿ ಯಕೃತ್ತಿನಲ್ಲೂ ಮಾಂಸಖಂಡಗಳಲ್ಲೂ ಕೂಡಿಡುತ್ತದೆ. ಒಂದು ಗ್ರಾಂ ಗ್ಲೈಕೋಜನ್ ತನ್ನೊಡನೆ ಸುಮಾರು ಮೂರು ಗ್ರಾಂ ನೀರನ್ನು ಹಿಡಿದುಕೊಳ್ಳುತ್ತದೆ. ಪುಳಿಯೋಗರೆ, ಉಪ್ಪಿನಕಾಯಿ, ಹಪ್ಪಳಗಳ ಉಪ್ಪು ಇನ್ನಷ್ಟು ನೀರನ್ನು ತಡೆದಿಡುತ್ತದೆ. ಜೀರ್ಣವಾಗದೆ ಹೊಟ್ಟೆಯಲ್ಲಿಯೇ ಇರುವ ಆಹಾರದ ತೂಕ ಬೇರೆ. ಇದೆಲ್ಲ ನಾಲ್ಕು ದಿನದಲ್ಲಿ ತಾನಾಗಿ ಇಳಿದುಹೋಗುವ ಮೊತ್ತ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಅದು ನಷ್ಟವಲ್ಲ, ಸಸ್ಪೆನ್ಸ್ ಖಾತೆಯಲ್ಲಿ ಕುಳಿತ ಬಾಕಿ.

ಆದರೆ ಆ ಸೋಮವಾರ ಈ ವಿವೇಕ ನನ್ನಲ್ಲಿರಲಿಲ್ಲ. ಮೊದಲು ಪ್ರಾಯಶ್ಚಿತ್ತಕ್ಕೆ ಹೊರಟೆ. ತಿಂಡಿ ಬಿಟ್ಟೆ, ಊಟ ಬಿಟ್ಟೆ, ಕರಿ ಕಾಫಿಯ ಮೇಲೆ ಏಕಾದಶಿಯಂತೆ ದಿನ ದೂಡಿದೆ. ಸಂಜೆ ನಾಲ್ಕೂವರೆಗೆ ಶಾಖೆಯ ಪಕ್ಕದ ಚಹಾದಂಗಡಿಯಲ್ಲಿ ಬಾಳೆಕಾಯಿ ಬಜ್ಜಿ ಕರಿಯುವ ವಾಸನೆ ಬಂತು. ಎಷ್ಟು ತಿಂದೆನೆಂಬುದನ್ನು ಇಲ್ಲಿ ಬರೆಯಲಾರೆ. ಮಂಗಳವಾರದಿಂದ ಪ್ರಾಯಶ್ಚಿತ್ತವೂ ಹೋಯಿತು, ನಡಿಗೆಯೂ ನಿಂತಿತು. "ಹಾಳಾಗಿ ಹೋಗಲಿ, ಇನ್ನು ಹೊಸ ವರ್ಷದಿಂದ ನೋಡೋಣ" ಎಂದೆ. ಮನೆಯವಳು ಹುಬ್ಬೇರಿಸಿ, "ಏನಂದ್ರಿ? ಮಾವನವರೇ ಬಂದು ಹೇಳಿದ ಹಾಗಾಯ್ತು" ಎಂದಳು. ಆ ಮಾತು ಚುಚ್ಚಿತು. ಆದರೆ ಚುಚ್ಚಿದ್ದಕ್ಕೆ ಫಲ ಸಿಕ್ಕಿದ್ದು ಡಿಸೆಂಬರಿನ ಮಧ್ಯದಲ್ಲಿ, ತೂಕ 82.9 ಆಗಿ, ಈ ಬಾರಿ ಅದರಲ್ಲಿ ನೀರಿನ ಪಾಲು ಬಹುಮಟ್ಟಿಗೆ ಇಲ್ಲದಿದ್ದಾಗ.

ಈಗ ತಾವೇ ಲೆಕ್ಕ ಹಾಕಿ. ಏರಿದ್ದು 2.7 ಕಿಲೋ. ರಾಜ್ಯೋತ್ಸವದ ಊಟದ ಪಾಲು ಅದರಲ್ಲಿ ಇನ್ನೂರು ಗ್ರಾಂ. ಮಿಕ್ಕ ಎರಡೂವರೆ ಕಿಲೋ ಹೋಳಿಗೆಯದಲ್ಲ, ಹೋಳಿಗೆಯ ಮೇಲಿನ ಸಿಟ್ಟಿನದು.

ಈ ದೌರ್ಬಲ್ಯ ನನ್ನೊಬ್ಬನದೇ ಎಂದುಕೊಂಡಿದ್ದೆ. ಹಾಗಲ್ಲವೆಂದು ಅಮೆರಿಕದ ಇಬ್ಬರು ಮನಶ್ಶಾಸ್ತ್ರಜ್ಞರು, ಹರ್ಮನ್ ಮತ್ತು ಮ್ಯಾಕ್ ಎಂಬವರು, 1975ರಷ್ಟು ಹಿಂದೆಯೇ ತೋರಿಸಿದ್ದಾರೆ. ಅವರು ವಿದ್ಯಾರ್ಥಿನಿಯರಿಗೆ ಮೊದಲು ಮಿಲ್ಕ್‌ಶೇಕ್ ಕುಡಿಸಿ, ಬಳಿಕ ರುಚಿ ಪರೀಕ್ಷಿಸುವ ನೆಪದಲ್ಲಿ ಐಸ್‌ಕ್ರೀಮನ್ನು ಮುಂದಿಟ್ಟರು. ಸಾಮಾನ್ಯವಾಗಿ ಹಸಿವಿದ್ದಷ್ಟು ಉಣ್ಣುವವರು, ಹೊಟ್ಟೆ ತುಂಬಿದ್ದರಿಂದ, ಐಸ್‌ಕ್ರೀಮನ್ನು ಕಡಿಮೆ ತಿಂದರು. ತೂಕದ ಚಿಂತೆಯಿಂದ ಬಾಯಿ ಕಟ್ಟಿಕೊಂಡಿದ್ದವರು ಮಾತ್ರ ಮಿಲ್ಕ್‌ಶೇಕ್ ಕುಡಿದ ಮೇಲೆ ಹೆಚ್ಚು ತಿಂದರು. ನೇಮ ಮುರಿಯಿತು, ಇನ್ನೇನು ಉಳಿಯಿತು ಎಂಬ ಭಾವ. ಮುಂದೆ ಈ ವಿಷಯದಲ್ಲಿ ಕೆಲಸ ಮಾಡಿದವರು ಇದಕ್ಕೊಂದು ಇಂಗ್ಲಿಷ್ ಹೆಸರನ್ನು ಕೊಟ್ಟರು. ಅದರ ಸರಿಯಾದ ಕನ್ನಡ "ಹಾಳಾಗಿ ಹೋಗಲಿ" ಎಂಬುದೇ. ನನ್ನ ಬಾಯಲ್ಲಿ ಬಂದ ಮಾತೇ ಶಾಸ್ತ್ರವಾಗಿ ನಿಂತದ್ದನ್ನು ಓದಿದಾಗ ನಗು ಬಂತು.

ಬ್ಯಾಂಕಿನಲ್ಲಿ ಸಂಜೆ ನಗದು ತಾಳೆಯಾಗದೆ ಐದುನೂರು ರೂಪಾಯಿ ಕಡಿಮೆ ಬಂದರೆ, "ಹೇಗೂ ಹೋಯಿತು" ಎಂದು ತಿಜೋರಿಯನ್ನು ತೆರೆದಿಟ್ಟು ಮನೆಗೆ ಹೋಗುವ ಅಧಿಕಾರಿಯನ್ನು ತಾವು ಎಲ್ಲಾದರೂ ಕಂಡಿದ್ದೀರಾ? ಕಡಿಮೆಯಾದದ್ದನ್ನು ಬರೆದಿಟ್ಟು, ಬೀಗ ಹಾಕಿ, ಮರುದಿನ ಎಂದಿನ ಹೊತ್ತಿಗೆ ಕೌಂಟರ್ ತೆರೆಯುತ್ತೇವೆ. ಸಾಲದ ಕಂತು ಒಂದು ದಿನ ತಪ್ಪಿದೊಡನೆ ಆ ಖಾತೆಯನ್ನು ಸುಸ್ತಿ ಎಂದು ನಾವು ಘೋಷಿಸುವುದೂ ಇಲ್ಲ. ಮೊದಲ ಮೂವತ್ತು ದಿನ ಅದೊಂದು ವಿಶೇಷ ಗಮನದ ಖಾತೆ, ಆಮೇಲೆ ಅದರ ಎರಡನೆಯ ಹಂತ, ಆಮೇಲೆ ಮೂರನೆಯದು. ತೊಂಬತ್ತು ದಿನ ದಾಟಿದ ಮೇಲಷ್ಟೇ ಅದು ಅನುತ್ಪಾದಕ ಆಸ್ತಿ. ಈ ಶ್ರೇಣಿಗಳನ್ನು ಮಾಡಿದ ಉದ್ದೇಶವೇ, ಮೊದಲ ವಾರದಲ್ಲಿ ಎಚ್ಚೆತ್ತರೆ ಯಾವ ಖಾತೆಯೂ ಕೆಡಬೇಕಾಗಿಲ್ಲವೆಂಬುದು. ಗ್ರಾಹಕರಿಗೆ ಇಪ್ಪತ್ತು ವರ್ಷ ಇದನ್ನು ಹೇಳಿದ ನಾನು, ನನ್ನ ಮೈಯ ಖಾತೆಯನ್ನು ಮೊದಲ ದಿನವೇ ವಸೂಲಾಗದ ಸಾಲವೆಂದು ಬರೆದುಹಾಕಿದ್ದೆ.

ಆದರೆ ಆ ಇನ್ನೂರು ಗ್ರಾಂ ಏನೂ ಅಲ್ಲವೆಂದು ಸಾರುವವರ ಜೊತೆಗೂ ನಾನಿಲ್ಲ. "ಬದುಕುವುದು ನಾಲ್ಕು ದಿನ, ತಿನ್ನಿ ಸಾರ್" ಎನ್ನುವ ಸ್ನೇಹಿತರು ನಮ್ಮ ಸಂಘದಲ್ಲಿ ಬೇಕಾದಷ್ಟಿದ್ದಾರೆ. ಅಮೆರಿಕದಲ್ಲಿ 195 ಮಂದಿ ವಯಸ್ಕರ ತೂಕವನ್ನು ಗಮನಿಸಿ 2000ದಲ್ಲಿ ಪ್ರಕಟಿಸಿದ ಒಂದು ಅಧ್ಯಯನವಿದೆ. ಅಲ್ಲಿನ ವರ್ಷಾಂತ್ಯದ ಹಬ್ಬದ ದಿನಗಳಲ್ಲಿ ಸರಾಸರಿ ಏರಿದ ತೂಕ ಬರೇ 370 ಗ್ರಾಂ. ಚಿಕ್ಕ ಮೊತ್ತ. ಆದರೆ ಹಬ್ಬಗಳು ಮುಗಿದ ಮೇಲೂ ಅದು ಇಳಿಯಲಿಲ್ಲ. ಮುಂದಕ್ಕೆ ತಂದ ಶಿಲ್ಕಾಗಿ ಉಳಿಯಿತು. ಅವರಿಗೆ ವರ್ಷಕ್ಕೊಂದು ಹಬ್ಬದ ಋತು. ನಮಗೋ, ಗೌರಿ ಗಣೇಶನಿಂದ ದಸರೆ, ದೀಪಾವಳಿ, ರಾಜ್ಯೋತ್ಸವ, ಆಮೇಲೆ ಈ ಊರಿನವರೊಡನೆ ಪೊಂಗಲ್. ಇಲ್ಲಿ ನೆಲೆಸಿದ ಕನ್ನಡಿಗನಿಗೆ ಎರಡು ಪಂಚಾಂಗ, ಎರಡು ಅಡಿಗೆಮನೆ. ಅಷ್ಟೇ ಏಕೆ, ಈ ಮಹಾನಗರಕ್ಕೆ ಹೋಟೆಲಿನ ತಿಂಡಿಯ ರುಚಿ ಹತ್ತಿಸಿದವರಲ್ಲಿ ನಮ್ಮ ಉಡುಪಿಯ ಕಡೆಯವರೇ ಮುಂದು, ಕೆ. ಕೃಷ್ಣರಾಯರು ಮದರಾಸಿನಲ್ಲಿ ವುಡ್‌ಲ್ಯಾಂಡ್ಸ್ ಆರಂಭಿಸಿದ್ದು 1938ರಲ್ಲಿ. ದೋಸೆಯನ್ನು ದೂರುವ ಹಕ್ಕು ನಮಗಂತೂ ಇಲ್ಲ.

ಹೊಸ್ತಿಲಲ್ಲಿ ನಿಂತವನು ನಾನೊಬ್ಬನೇ ಅಲ್ಲವೆಂಬುದೂ ತಿಳಿದಿರಲಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶಾದ್ಯಂತ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ, ನಮ್ಮಲ್ಲಿ ಮಧುಮೇಹಿಗಳು 10.1 ಕೋಟಿ, ಹೊಸ್ತಿಲಲ್ಲಿರುವವರು 13.6 ಕೋಟಿ. ಆ ಸಮೀಕ್ಷೆಯ ಮುಂದಾಳತ್ವ ವಹಿಸಿದ್ದು ಇದೇ ಚೆನ್ನೈಯ ಸಂಶೋಧನಾ ಸಂಸ್ಥೆ. ನಮಗೆ ಹೆಚ್ಚು ಧೈರ್ಯ ಕೊಡುವ ಮತ್ತೊಂದು ಕೆಲಸವೂ ಈ ಊರಿನದೇ. ಡಾ. ಎ. ರಾಮಚಂದ್ರನ್ ಮತ್ತು ಅವರ ಸಂಗಡಿಗರು, ಮಧುಮೇಹದ ಅಂಚಿನಲ್ಲಿದ್ದ 531 ಮಂದಿಯನ್ನು ಸುಮಾರು ಮೂರು ವರ್ಷ ಗಮನಿಸಿ, 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ವಿಶೇಷ ಸಲಹೆಯಿಲ್ಲದ ಗುಂಪಿನಲ್ಲಿ ನೂರಕ್ಕೆ 55 ಮಂದಿ ಮಧುಮೇಹಿಗಳಾದರು; ಆಹಾರದಲ್ಲಿ ಹಿತಮಿತ, ದಿನವೂ ನಡಿಗೆ, ಇವನ್ನು ಅನುಸರಿಸಿದ ಗುಂಪಿನಲ್ಲಿ ಸುಮಾರು 39. ಕುತೂಹಲದ ಸಂಗತಿಯೆಂದರೆ, ಈ ಎರಡನೆಯ ಗುಂಪಿನವರ ತೂಕ ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ. ತೂಕ ಕದಲದಿದ್ದರೂ ನಡಿಗೆ ಮತ್ತು ಪಥ್ಯ ಒಳಗೆ ಕೆಲಸ ಮಾಡುತ್ತಲೇ ಇದ್ದವು. ಒಂದು ಸೋಮವಾರದ ಅಂಕಿಯನ್ನು ಕಂಡು ನಡಿಗೆ ನಿಲ್ಲಿಸಿದವನಿಗೆ ಇದಕ್ಕಿಂತ ದೊಡ್ಡ ಪೆಟ್ಟು ಬೇರೊಂದಿಲ್ಲ.

ಮರಳಿ ಹಾದಿಗೆ ಬಂದದ್ದು ಹೇಗೆಂಬುದು ಇನ್ನು ಉಳಿದ ಮಾತು. ಅದರ ಕೀರ್ತಿ ವೈದ್ಯವಿಜ್ಞಾನಕ್ಕಲ್ಲ, ಸಾಗರದಲ್ಲಿರುವ ನನ್ನ ಅಮ್ಮನಿಗೆ. ಡಿಸೆಂಬರಿನಲ್ಲಿ ದೂರವಾಣಿಯಲ್ಲಿ ಮಾತನಾಡುವಾಗ, ಎರಡು ದಿನ ಸಂಪೂರ್ಣ ಉಪವಾಸ ಮಾಡಿ ಮತ್ತೆ ಆರಂಭಿಸುವ ನನ್ನ ಯೋಜನೆಯನ್ನು ತಿಳಿಸಿದೆ. "ಉಪವಾಸ ಎಂತಕ್ಕೋ ಮಾರಾಯ? ಹಬ್ಬದ ಮಾರನೇ ದಿನ ನಮ್ಮನೇಲಿ ಎಂತ ಮಾಡ್ತಿದ್ದೆ, ಮರ್ತು ಹೋಯ್ತಾ? ತಂಬುಳಿ ಅನ್ನ ಉಂಡು ಕೆಲಸ ನೋಡು" ಎಂದರು.

ಮರೆತೇಹೋಗಿತ್ತು. ನಮ್ಮ ಮಲೆನಾಡಿನ ಮನೆಗಳಲ್ಲಿ ಹಬ್ಬದ ಮರುದಿನ ದೊಡ್ಡಪತ್ರೆಯ ತಂಬುಳಿ, ಇಲ್ಲವೇ ಜೀರಿಗೆ ಮೆಣಸಿನ ಸಾರು, ಜೊತೆಗೆ ಅನ್ನ, ಮಜ್ಜಿಗೆ. ಬಯಲುಸೀಮೆಯವರಿಗೆ ತಿಳಿಸಾರು. ಅದು ಶಿಕ್ಷೆಯಾಗಿರಲಿಲ್ಲ. ನಿನ್ನೆ ಹೆಚ್ಚು ತಿಂದೆವೆಂದು ಯಾರೂ ತಲೆ ತಗ್ಗಿಸಿ ಕೂರುತ್ತಿರಲಿಲ್ಲ, ಇಂದು ಹೊಟ್ಟೆ ಕಟ್ಟುತ್ತಲೂ ಇರಲಿಲ್ಲ. ಹಬ್ಬ ನಿನ್ನೆಗೆ ಮುಗಿಯಿತು, ಇದು ಇಂದಿನ ಊಟ. ಹಬ್ಬಕ್ಕೆ ಒಂದು ಮೇರೆಯಿತ್ತು. ನಮ್ಮ ನಗರದ ಮನೆಗಳಲ್ಲಿ ಇಲ್ಲವಾಗಿರುವುದು ಆ ಮಾರನೆಯ ದಿನ. ಡಬ್ಬಿಯಲ್ಲಿ ತಂದ ಹೋಳಿಗೆ ತಂಗಳುಪೆಟ್ಟಿಗೆಯಲ್ಲಿ ನಾಲ್ಕು ದಿನ ಇರುತ್ತದೆ. ಹಬ್ಬವೂ ನಾಲ್ಕು ದಿನ ಇರುತ್ತದೆ. ಅದು ಸಾಲದಿದ್ದರೆ ಬೆರಳ ತುದಿಯ ದೂರವಾಣಿಯಿಂದ ರಾತ್ರಿ ಹನ್ನೊಂದಕ್ಕೂ ಬಿರಿಯಾನಿ ಬಾಗಿಲಿಗೆ ಬರುತ್ತದೆ.

ಪೋರೂರು ಕೆರೆಯನ್ನು ಇಲ್ಲಿನವರು "ಏರಿ" ಎನ್ನುತ್ತಾರೆ. ನಮಗೆ ಏರಿಯೆಂದರೆ ಕೆರೆಯ ಕಟ್ಟೆ. ಮಳೆ ಜೋರಾದ ವರ್ಷ ನೀರು ಹೆಚ್ಚಿದರೆ ಕೆರೆ ಕೋಡಿ ಬೀಳುತ್ತದೆ. ಹೆಚ್ಚಿನದು ಹರಿದುಹೋಗಿ ಕೆರೆ ತನ್ನ ಮಟ್ಟಕ್ಕೆ ಬರುತ್ತದೆ. ಕೋಡಿ ಬಿದ್ದುದನ್ನು ಕಂಡು ಏರಿಯನ್ನೇ ಕಡಿದುಹಾಕುವ ಮೂರ್ಖನಿಲ್ಲ. ಬೆಳಗಿನ ನಡಿಗೆಯಲ್ಲಿ ಈ ಯೋಚನೆ ಎಷ್ಟೋ ಸಲ ಬಂದಿದೆ.

ಈ ವರ್ಷದ ಯುಗಾದಿಯಲ್ಲಿ ನನ್ನ ಮೇಲೆಯೇ ಒಂದು ಪ್ರಯೋಗ ಮಾಡಿದೆ. ಹಬ್ಬದ ದಿನ ಸಂಕೋಚವಿಲ್ಲದೆ ಉಂಡೆ. ಉಳಿದ ಒಬ್ಬಟ್ಟನ್ನು ಅಂದು ಸಂಜೆಯೇ ಕಾವಲುಗಾರರ ಮನೆಗೂ ಎದುರು ಮನೆಗೂ ಕೊಟ್ಟುಬಂದೆವು. ಮರುದಿನ ಬೆಳಿಗ್ಗೆ ತೂಕ ಒಂದು ಕಿಲೋ ನಾಲ್ಕುನೂರು ಗ್ರಾಂ ಏರಿತ್ತು. (ಮರುದಿನ ತೂಕ ನೋಡಲೇಬಾರದೆಂಬುದು ನನ್ನ ಈಗಿನ ಅಭಿಪ್ರಾಯ, ಅಂದು ಪ್ರಯೋಗಕ್ಕಾಗಿ ನೋಡಿದೆ.) ಎಂದಿನ ಹೊತ್ತಿಗೆ ಎಂದಿನಂತೆ ಎರಡು ಇಡ್ಲಿ ತಿಂದೆ. ಮಧ್ಯಾಹ್ನ ತಂಬುಳಿ ಅನ್ನ, ಬೀನ್ಸ್ ಪಲ್ಯ. ನಡಿಗೆ ಅದೇ ನಲವತ್ತು ನಿಮಿಷ. ಪಾಪಪರಿಹಾರಕ್ಕೆಂದು ಎರಡು ಗಂಟೆ ನಡೆದು ಮಂಡಿ ನೋವು ತಂದುಕೊಳ್ಳಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಯಂತ್ರ ಹಬ್ಬದ ಹಿಂದಿನ ದಿನದ ಅಂಕಿಯನ್ನೇ ತೋರಿಸಿತು, ನೂರು ಗ್ರಾಂ ಹೆಚ್ಚು. ನಾನು ಮಾಡಿದ್ದು ಏನೂ ಇಲ್ಲ. ಹೊಸದಾಗಿ ಏನನ್ನೂ ಕೆಡಿಸಲಿಲ್ಲ, ಅಷ್ಟೇ.

ಎರಡು ಎಚ್ಚರಿಕೆಗಳನ್ನು ಹೇಳದಿದ್ದರೆ ತಪ್ಪಾದೀತು. ಮಧುಮೇಹಕ್ಕೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ನಿನ್ನೆಯ ಊಟಕ್ಕೆ ಇಂದು ಉಪವಾಸವೆಂದು ಹೊರಟರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಅವರು ತಮ್ಮ ವೈದ್ಯರನ್ನು ಕೇಳದೆ ಊಟ ಬಿಡಕೂಡದು. ಇನ್ನು, ಹಬ್ಬವಿಲ್ಲದೆ, ಹಸಿವಿಲ್ಲದೆ, ಯಾರಿಗೂ ಕಾಣದಂತೆ, ನಿಲ್ಲಿಸಲಾಗದೆ ಮತ್ತೆ ಮತ್ತೆ ತಿಂದು ಬಳಿಕ ಸಂಕಟಪಡುವವರೂ ನಮ್ಮ ನಡುವೆ ಇರಬಹುದು. ಅದು ಬಾಯಿಚಪಲವಲ್ಲ, ವೈದ್ಯಶಾಸ್ತ್ರ ಒಪ್ಪಿಕೊಂಡಿರುವ ಒಂದು ಕಾಯಿಲೆ, ಚಿಕಿತ್ಸೆಯೂ ಇದೆ. ತಂಬುಳಿಯ ಉಪದೇಶದಿಂದ ಅವರನ್ನು ನೋಯಿಸಬಾರದು.

ನಮ್ಮ ಸಂಘದ ತರುಣರ ಬಗ್ಗೆಯೂ ಒಂದು ಮಾತು. ಮಾಹಿತಿ ತಂತ್ರಜ್ಞಾನದ ಕಚೇರಿಗಳಲ್ಲಿ ದುಡಿಯುವ ಈ ಮಕ್ಕಳು ವಾರಕ್ಕೊಂದು ದಿನವನ್ನು "ಚೀಟ್ ಡೇ" ಎಂದು ಕರೆದು, ಅಂದು ಮನಸೋ ಇಚ್ಛೆ ತಿನ್ನುತ್ತಾರಂತೆ. ಚೀಟ್ ಎಂದರೆ ನಮ್ಮ ಬ್ಯಾಂಕಿನಲ್ಲಿ ವಂಚನೆ; ಅದಕ್ಕೆ ವರದಿ ಬರೆಯಬೇಕಾಗುತ್ತದೆ. ಹೋಳಿಗೆ ತಿಂದದ್ದನ್ನು ವಂಚನೆಯೆಂದು ಕರೆದರೆ ಮಾರನೆಯ ದಿನ ಅಪರಾಧಿಯಾಗಿ ಏಳಬೇಕು, ಮತ್ತು ಅಪರಾಧಿ ಅಡಗಿಕೊಳ್ಳುವುದು ಸಾಮಾನ್ಯವಾಗಿ ಇನ್ನೊಂದು ತಟ್ಟೆಯ ಹಿಂದೆ. ಹಬ್ಬದೂಟಕ್ಕೆ ಹಬ್ಬದೂಟವೆಂಬ ಒಳ್ಳೆಯ ಹೆಸರಿದೆ. ಅದೇ ಇರಲಿ.

ಕಾರ್ಯಕಾರಿ ಸಮಿತಿಗೆ ನನ್ನದೊಂದು ವಿನಂತಿ. ಊಟದ ಪಟ್ಟಿಯಿಂದ ಹೋಳಿಗೆಯನ್ನು ತೆಗೆಯಬೇಕೆಂದು ಕಳೆದ ಸಭೆಯಲ್ಲಿ ಯಾರೋ ಸೂಚಿಸಿದರು; ನಾನು ಅದನ್ನು ಬಲವಾಗಿ ವಿರೋಧಿಸುತ್ತೇನೆ. ವರ್ಷಕ್ಕೊಮ್ಮೆ ಕೂಡುವ ಕನ್ನಡಿಗರಿಗೆ ಓಟ್ಸ್ ಗಂಜಿ ಬಡಿಸಿದರೆ ಆರೋಗ್ಯ ಬರುವುದಿಲ್ಲ, ಜನವೂ ಬರುವುದಿಲ್ಲ. ಆದರೆ ಎಲೆಗೆ ಕೈ ಅಡ್ಡ ಹಿಡಿದವರಿಗೆ ಬಡಿಸುವುದನ್ನು ಬಿಡೋಣ. ಒತ್ತಾಯ ಮಾಡುವುದು ನಮ್ಮ ಉಪಚಾರದ ಭಾಗ, ಒಪ್ಪಿದೆ. ಆದರೆ ನಮ್ಮ ಪಂಕ್ತಿಯಲ್ಲಿ ಈಗ ನಲವತ್ತು ದಾಟಿದವರೇ ಹೆಚ್ಚು, ಅವರಲ್ಲಿ ಎಷ್ಟು ಮಂದಿಯ ಜೇಬಿನಲ್ಲಿ ಮಾತ್ರೆಯಿದೆಯೆಂಬುದು ಬಡಿಸುವವರಿಗೆ ತಿಳಿಯದು. ಉಳಿದದ್ದನ್ನು ಡಬ್ಬಿ ಕಟ್ಟಿ ಮನೆಮನೆಗೆ ಕಳುಹಿಸುವ ಬದಲು ಅಂದೇ ಬೇರೆಯವರಿಗೆ ಹಂಚುವ ಏರ್ಪಾಡಾದರೆ ಇನ್ನೂ ಒಳ್ಳೆಯದು.

ಈ ಸಂಚಿಕೆ ತಮ್ಮ ಕೈ ಸೇರುವ ದಿನವೂ ಊಟವಿದೆ. ನನ್ನ ತೂಕ ಈಗ 78.6, ಎಚ್‌ಬಿಎ1ಸಿ ಮೊನ್ನೆ 5.8 ಬಂದಿದೆ, ಹೊಸ್ತಿಲು ಇನ್ನೂ ದಾಟಿಲ್ಲ, ಹಿಂದಕ್ಕೆ ಪೂರ್ತಿ ಬಂದೂ ಇಲ್ಲ. ಎರಡನೆಯ ಪಂಕ್ತಿಯಲ್ಲಿ ಕುಳಿತಿರುತ್ತೇನೆ, ಎರಡು ಹೋಳಿಗೆಗಳನ್ನು ಸಂತೋಷದಿಂದ ತಿನ್ನುತ್ತೇನೆ. ಮೂರನೆಯದನ್ನು ಹಾಕಿಸಿಕೊಂಡರೂ ಹಾಕಿಸಿಕೊಂಡೇನು. ಮನೆಯ ಬಾಲ್ಕನಿಯ ಕುಂಡದಲ್ಲಿ ದೊಡ್ಡಪತ್ರೆ ಚೆನ್ನಾಗಿ ಚಿಗುರಿದೆ, ಮಜ್ಜಿಗೆಗೆ ಹಾಲು ಹೆಪ್ಪು ಹಾಕಿಡಲು ಮನೆಯವಳಿಗೆ ಈಗಾಗಲೇ ಹೇಳಿದ್ದೇನೆ.